ನೈಫ್ ರಸ್ತೆಯ ಅಂಗಡಿಯಲ್ಲಿ

ಗೋಡೆಗೆ ನೇತು ಹಾಕಿದ್ದೇವೆ ದೊಡ್ಡದರಿಂದ ಸಣ್ಣದಕ್ಕೆ:
ಹದಿನೆಂಟು ಇಂಚಿನ ಕಾಯಿಲ್, ಮೊರದಷ್ಟು,
ಹನ್ನೊಂದರದು ರೊಟ್ಟಿಯ ಹಂಚಿನಷ್ಟು,
ಕೊನೆಗೆ ಮೊಟ್ಟೆಯಾಕಾರದ ಪುಟ್ಟದು,
ಧೂಳು ಜಾಸ್ತಿ ಕೂರುವುದು ಅದರ ಮೇಲೆಯೇ.
ಬಂದವರೆಲ್ಲ ಮೊದಲು ಮೊರಕ್ಕೆ ಕೈ ಚಾಚುತ್ತಾರೆ.

ಸುಡಾನಿನವರು, ಯೆಮನಿನವರು, ಒಮ್ಮೊಮ್ಮೆ
ಹವ್ಯಾಸಕ್ಕೆಂದು ಬರುವ ಅರಬ್ಬಿ ಹುಡುಗರು.
ಈ ಶುಕ್ರವಾರ ಬಂದವಳು ಇಥಿಯೋಪಿಯದವಳು,
ಏಳು ವರ್ಷ ಯಾರದೋ ಮನೆಯ ನೆಲ ಒರೆಸಿದ ಕೈ,
ಕರವಸ್ತ್ರದ ಗಂಟಿನಲ್ಲಿ ದಿರ್ಹಮ್.
ಊರಲ್ಲಿ ತಮ್ಮನಿದ್ದಾನೆ, ಹೊಸಬ,
ಒಂದು ಮೊಳೆಯನ್ನೂ ಹುಡುಕಿ ತೆಗೆದವನಲ್ಲ.
ಅವನಿಗೆ ಯಾವುದು ಸರಿ?
ಕೇಳಿದಳು ಅಡುಗೆಮನೆಯಲ್ಲಿ ಕಲಿತ ಅರಬ್ಬಿಯಲ್ಲಿ.

ಮುದೀರ್ ಗಲ್ಲಾದಿಂದಲೇ ಹುಬ್ಬು ಹಾರಿಸಿದ:
ದೊಡ್ಡದು.
ದೊಡ್ಡದು ಮಾರಿದರೆ ನನಗೆ ಶೇಕಡಾ ನಾಲ್ಕು.

ಮಣ್ಣು ಎಂಥದು, ಕೇಳಿದೆ.
ಕೆಂಪು, ಅಂದಳು. ಹೊಳೆಯ ದಂಡೆ. ಕಬ್ಬಿಣದಂಥ ಕಲ್ಲು.
ಚಿನ್ನ ಎಷ್ಟೆಷ್ಟು ಸಿಗುತ್ತದೆ?
ಕಿರುಬೆರಳ ಉಗುರಿನ ಬಿಳಿ ಅಂಚು ತೋರಿಸಿದಳು.
ಅಷ್ಟು ಸಿಕ್ಕರೆ ಮನೆಗೆ ಒಂದು ವಾರ.

ಹಾಗಾದರೆ ಮೊರ ಬೇಡ, ತಂಗಿ.
ಮೊರ ಆಳಕ್ಕೆ ಕಿವಿಗೊಡುತ್ತದೆ, ನಿಜ,
ಆದರೆ ದೊಡ್ಡ ಗಟ್ಟಿಯ ಮಾತು ಮಾತ್ರ ಕೇಳುತ್ತದೆ,
ದೊಡ್ಡವರ ಮನೆಯ ಹಾಗೆ.
ತೂಕ ಬೇರೆ, ಮಧ್ಯಾಹ್ನದೊಳಗೆ ರಟ್ಟೆ ಬಿದ್ದುಹೋಗುತ್ತದೆ.
ಒಂಟಿ ಸುತ್ತಿನದೂ ಬೇಡ:
ತಾನೇ ಕೂಗಿ ತಾನೇ ಕೇಳಿಸಿಕೊಳ್ಳುವುದು ಅದು,
ಕೆಂಪು ಮಣ್ಣು ಏನಂದರೂ ಬೆಚ್ಚುತ್ತದೆ.
ಇದರೊಳಗೆ ಎರಡು ಸುತ್ತು ತಂತಿ, ಒಂದರ ಅಂಚು ಇನ್ನೊಂದರ ಮೇಲೆ.
ಒಂದು ಕೂಗಿದರೆ ಒಂದು ಕೇಳುತ್ತದೆ.
ಸ್ವಲ್ಪ ಸಮಾಧಾನಿ.
ಆಳ ಕಮ್ಮಿ. ಕಲ್ಲಿನ ಸಂದಿಗೂ ಪೊದೆಯ ಬುಡಕ್ಕೂ ತೂರುತ್ತದೆ.
ಕಲಿಯುವವನಿಗೆ ಮೊಳಕೈ ಇಳಿಯುವಷ್ಟು ಆಳ ಸಾಕು.
ಕೂಗಿದ್ದೆಲ್ಲ ಚಿನ್ನವಲ್ಲ ಅಂತ ಹೇಳು ಅವನಿಗೆ,
ಮೊದಲ ತಿಂಗಳು ಬರೀ ಬಾಟಲಿ ಮುಚ್ಚಳ.

ಅಂಗಡಿಯ ನೆಲದ ತುಂಬ ಸರಳು.
ಅದಕ್ಕೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ತೊಟ್ಟಿಯಲ್ಲಿ ಮರಳು ಇಟ್ಟಿದ್ದೇವೆ.
ಅವಳು ಒಂದು ಕಿವಿಯ ಹರಳು ಬಿಚ್ಚಿ ಹೂತಳು.
ಮೊರ ಸುಮ್ಮನಿತ್ತು.
ಪುಟ್ಟದು, ಗೋಡೆಯೊಳಗಿನ ಜೀರುಂಡೆಯ ಹಾಗೆ, ಒಂದೇ ಸಲ.

ಬಿಲ್ಲಿಗೆ ಹೆಸರು ಕೇಳಿದೆ. ವೊರ್ಕ್ನೆಶ್.
ನೀನೇ ಬಂಗಾರ ಅಂತ ಅರ್ಥವಂತೆ. ನಕ್ಕಳು.
ನಮ್ಮ ಹಟ್ಟಿಯಲ್ಲೂ ಇದ್ದಾರೆ ಬಂಗಾರೆಮ್ಮಗಳು, ಅಂದೆ,
ಗಣಿಯ ಊರು.
ನಮ್ಮ ದೊಡ್ಡಮ್ಮ ಬಂಗಾರೆಮ್ಮ ಸತ್ತಾಗ
ಕಿವಿಯ ತೂತಿನಲ್ಲಿ ಬೇವಿನ ಕಡ್ಡಿ ಇತ್ತು,
ಇದನ್ನು ಅರಬ್ಬಿಯಲ್ಲಿ ಹೇಳಲು ಬರಲಿಲ್ಲ.

ಗಣಿಯ ಊರಾ? ನಿನಗೆಷ್ಟು ಸಿಕ್ಕಿದೆ ನೋಡೋಣ,
ಅಂತ ತಮಾಷೆಗೆ ಕಾಯಿಲ್ ಎತ್ತಿ ನನ್ನ ಎದೆಗೆ ಹಿಡಿದಳು.
ಕೂಗಿತು.
ನನಗೇ ಗೊತ್ತಿಲ್ಲದೆ ಎರಡೂ ಕೈ ಮೇಲೆತ್ತಿ ನಿಂತಿದ್ದೆ,
ಪಾಳಿ ಮುಗಿದ ಮೇಲೆ ಗಣಿಯ ಗೇಟಿನಲ್ಲಿ
ಅಪ್ಪ ಹುಲಿಗೆಪ್ಪ ದಿನಾ ನಿಲ್ಲುತ್ತಿದ್ದ ಹಾಗೆ,
ಕಾಲು ಅಗಲಿಸಿ, ಬುತ್ತಿ ಡಬ್ಬಿ ತೆರೆದಿಟ್ಟು.
ಉಡದಾರದ ಕೀಲಿಕೈಗೆ ಯಂತ್ರ ಕೂಗಿದಾಗ
ಮತ್ತೆ ಮೊದಲಿನಿಂದ.
ತಂತಿಬೇಲಿಯಾಚೆ ಐಸ್ ಕ್ಯಾಂಡಿ ಚೀಪುತ್ತ ನಾನು
ಅದನ್ನು ಯಾವುದೋ ಆಟ ಅಂದುಕೊಂಡಿದ್ದೆ.

ಪೆನ್ನಿನ ಸ್ಪ್ರಿಂಗು, ಅಂದೆ.
ಅವಳು ನಗು ನಿಲ್ಲಿಸಿದ್ದಳು.
ನಮ್ಮ ಮಾಮಾ ಚೀಲ ನೋಡುತ್ತಾಳೆ, ಅಂದಳು,
ಶುಕ್ರವಾರ ಶುಕ್ರವಾರ, ಬಾಗಿಲಲ್ಲಿ.

ಮುದೀರ್ ಕೆಮ್ಮಿದ. ಕೈ ಇಳಿಸಿದೆ.
ಮರಳು ಜರಡಿ ಹಿಡಿದು ಹರಳು ಹುಡುಕಿ ಕೊಟ್ಟೆ,
ಕಾಯಿಲಿನ ಕವರ್ ಪುಕ್ಕಟೆ ಸೇರಿಸಿ ರಟ್ಟಿನ ಪೆಟ್ಟಿಗೆ ಕಟ್ಟಿದೆ.
ಬೀಸುವುದು ಮಾತ್ರ ನಿಧಾನ ಇರಲಿ,
ನೆಲಕ್ಕೆ ಹತ್ತಿರ, ನೆಲ ಒರೆಸಿದ ಹಾಗೆ,
ಒಂದು ಒರೆತದ ಮೇಲೆ ಅರ್ಧ ಇನ್ನೊಂದು.

ಅದನ್ನು ನಾನೇ ಕಲಿಸುತ್ತೇನೆ, ಅಂದಳು.